ಮೂರನೇ ರೀಲಿನಿಂದ ಶುರು

ನಮ್ಮತ್ತೆಗೆ ಸಿಟ್ಟು ಬಂದರೆ ದಡದಡ ಬಾಗಿಲ ತನಕ ಹೋಗುತ್ತಾಳೆ, ಚಿಲಕದ ಮೇಲೆ ಕೈ ಇಡುತ್ತಾಳೆ, ಆಮೇಲೆ ತಿರುಗಿ ನಿಂತು ಉಳಿದದ್ದನ್ನು ಬೈಯುತ್ತಾಳೆ. ಹೊರಗೆ ಮಾತ್ರ ಹೋಗುವುದಿಲ್ಲ. ಇದನ್ನು ಅವಳು ಕಲಿತದ್ದು ಹಳೆಯ ಅಮೆರಿಕನ್ ಸಿನಿಮಾಗಳಿಂದ, ಅದರಲ್ಲೂ ಮೊದಲು ನಾಟಕವಾಗಿದ್ದು ಆಮೇಲೆ ಸಿನಿಮಾ ಆದವುಗಳಿಂದ. “ಒಂದು ಸಿನಿಮಾ ನಾಟಕದಿಂದ ಬಂದಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ ಹೇಳು?” ಎಂದು ಕೇಳುತ್ತಾಳೆ. ನಾವು ಬಾಯಿ ತೆರೆಯುವ ಮೊದಲೇ ಉತ್ತರವೂ ಅವಳದ್ದೇ. “ಜಗಳ ಆಡಿದವರು ಮನೆ ಬಿಟ್ಟು ಹೋಗಲ್ಲ ಕಣೇ. ಬಾಗಿಲ ತನಕ ಹೋಗ್ತಾರೆ, ತಿರುಗ್ತಾರೆ, ಇನ್ನೂ ಹತ್ತು ನಿಮಿಷ ಮಾತಾಡ್ತಾರೆ. ಹೋಗೋದಾದ್ರೂ ಎಲ್ಲಿಗೆ? ಇರೋದೇ ಒಂದು ಸೆಟ್ಟು!”

ನನ್ನ ಅಪ್ಪನ ಅಕ್ಕ ಅವಳು. ಅಪ್ಪ ಅಮ್ಮ ಇಬ್ಬರಿಗೂ ಊರೂರು ತಿರುಗುವ ಕೆಲಸವಾದ್ದರಿಂದ ಎಂಟನೇ ವರ್ಷಕ್ಕೆ ನನ್ನನ್ನು ಅವಳ ಮನೆಗೆ ತಂದು ಬಿಟ್ಟರು. ನಾನು ಇನ್ನೂ ಅಲ್ಲೇ ಇದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ನನ್ನ ಕೆಲಸ. ಸಿನಿಮಾ ಎಂದರೆ ನನಗೆ ಅಷ್ಟಕ್ಕಷ್ಟೇ. ಒಂದು ಮನೆಯಲ್ಲಿ ಒಬ್ಬರಿಗೆ ಹುಚ್ಚಿದ್ದರೆ ಸಾಕು, ಇಬ್ಬರಿಗಿದ್ದರೆ ಒಲೆ ಆರಿಸುವವರು ಯಾರು?

ಅತ್ತೆ ಮೂವತ್ತೊಂದು ವರ್ಷ ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಟ್ಟವಳು. ಅವಳ ಕೋಣೆಯನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಒಂದು ಎತ್ತರದ ಸ್ಟೂಲು, ಒಂದು ಬಲ್ಬು, ಟಿಕೆಟ್ ಪುಸ್ತಕಗಳ ಬೀರು, ಮುಂದೆ ಕಣ್ಣು ತೂರದಷ್ಟು ದಟ್ಟವಾದ ಕಬ್ಬಿಣದ ಜಾಲರಿ. ಜಾಲರಿಯ ಕೆಳಗೆ ಅರ್ಧಚಂದ್ರದ ಆಕಾರದ ತೂತು. ಆ ತೂತು ಎಷ್ಟು ತಗ್ಗಿನಲ್ಲಿತ್ತೆಂದರೆ ಅವಳಿಗೆ ಬಂದವರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ದಿನಕ್ಕೆ ನೂರಾರು ಕೈ. ಹೆಂಡತಿಯ ಜೊತೆ ಬಂದವನ ಕೈ, ಹೆಂಡತಿಗೆ ಹೇಳದೆ ಬಂದವನ ಕೈ, ಕೆಲಸಕ್ಕೆ ಚಕ್ಕರ್ ಹೊಡೆದು ಬಂದವನ ಕೈ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತಂತೆ. ಬೀದಿಯಲ್ಲಿ ಎದುರು ಸಿಕ್ಕವರನ್ನು ಗುರುತಿಸುವ ಮೊದಲು ಅವಳು ಇವತ್ತಿಗೂ ಅವರ ಕೈ ನೋಡುತ್ತಾಳೆ. ಜನ ಅವಳಿಗೆ ಇಟ್ಟ ಹೆಸರು ಕಿಟಕಿ ಮೇಡಂ. ಎದುರಿಗೂ ಹಾಗೇ ಕರೆಯುತ್ತಾರೆ, ಅವಳಿಗೇನೂ ಬೇಜಾರಿಲ್ಲ.

ಆ ಮಂದಿರದಲ್ಲಿ ಬೆಳಗಿನ ಆಟಕ್ಕೆ ಹಳೆಯ ಅಮೆರಿಕನ್ ಸಿನಿಮಾ ಹಾಕುತ್ತಿದ್ದರು. ಕಪ್ಪು ಬಿಳುಪಿನವು, ಗೀರು ಬಿದ್ದವು, ನಡುನಡುವೆ ಹಾರಿಹೋಗುವಂಥವು. ಬಾಡಿಗೆ ಅಗ್ಗ, ಅದಕ್ಕೇ. ಅತ್ತೆ ಟಿಕೆಟ್ ಕೊಟ್ಟು ಮುಗಿಸಿ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಹತ್ತನೇ ತರಗತಿಯ ಇಂಗ್ಲಿಷ್ ಅವಳದ್ದು. ಒಂದೇ ಸಿನಿಮಾವನ್ನು ವಾರವಿಡೀ, ವರ್ಷ ವರ್ಷ ನೋಡಿ ನೋಡಿ ಅವರ ಮಾತನ್ನು ಅರೆದು ಕುಡಿದುಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ವಿಶ್ಲೇಷಣೆ! ಊಟಕ್ಕೆ ಕೂತರೆ ಅದೇ, ಬಟ್ಟೆ ಮಡಿಸುವಾಗಲೂ ಅದೇ. “ಸ್ಟಾರ್ ಅಂದ್ರೆ ಚೆನ್ನಾಗಿ ಮಾತಾಡೋನು ಅಂದ್ಕೊಂಡಿದ್ದೀಯಾ? ಅಲ್ಲ. ಬೇರೆಯವರು ಮಾತಾಡುವಾಗ ಕೇಳಿಸಿಕೊಳ್ಳೋನು ಸ್ಟಾರ್. ಉಳಿದವರೆಲ್ಲ ತಮ್ಮ ಸರದಿ ಯಾವಾಗ ಬರುತ್ತೆ ಅಂತ ಕಾಯ್ತಿರ್ತಾರೆ, ಇವನು ಮಾತ್ರ ಕೇಳಿಸಿಕೊಳ್ತಾನೆ.” ಇನ್ನೊಂದು ದಿನ, “ಆ ಕಾಲದ ನಟರಿಗೆ ಯಾಕೆ ಯಾವಾಗಲೂ ಕೈಯಲ್ಲಿ ಒಂದು ಲೋಟ, ಒಂದು ಸಿಗರೇಟು? ನಿಂತ ಕಡೆ ಕೈ ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ. ಖಾಲಿ ಕೈಯಲ್ಲಿ ನಿಲ್ಲೋಕೆ ಧೈರ್ಯ ಇರೋರು ಇಬ್ಬರೋ ಮೂವರೋ, ಅಷ್ಟೇ.” ಸಿನಿಮಾ ಇಷ್ಟವಿಲ್ಲದ ನನಗೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಈಗ ಮದುವೆ ಮನೆಯ ಫೋಟೊ ನೋಡಿದರೂ ನಾನು ಕೈಗಳನ್ನೇ ನೋಡುತ್ತೇನೆ, ಕರ್ಮ.

ಮಂದಿರ ಮುಚ್ಚಿದಾಗ ಅತ್ತೆಗೆ ಐವತ್ತೆರಡು. ಎರಡು ತಿಂಗಳು ಮನೆಯಲ್ಲಿ ಕೂತು ನನ್ನ ಜೀವ ತಿಂದಳು. ಆಗ ನಮ್ಮ ಬೀದಿಯ ಕೊನೆಯ ಗ್ರಂಥಾಲಯದಲ್ಲಿ ಒಬ್ಬ ಗ್ರಂಥಪಾಲಕ ಹೊಸದಾಗಿ ಬಂದಿದ್ದ. ಮಹಡಿಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿದೆ, ಶನಿವಾರ ಮಧ್ಯಾಹ್ನ ಬಂದು ಆ ಸಿನಿಮಾಗಳ ಬಗ್ಗೆ ಮಾತಾಡಿ ಎಂದು ಅವನು ಕೇಳಿಕೊಂಡ. ಮೊದಲ ವಾರ ನಾಲ್ಕು ಜನ. ಅದರಲ್ಲಿ ನಾನೊಬ್ಬಳು, ಇನ್ನೊಬ್ಬರು ಮಳೆಗೆ ನಿಂತವರು. ಹತ್ತು ವರ್ಷವಾಗುವ ಹೊತ್ತಿಗೆ ನಲವತ್ತು ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಸಿನಿಮಾ ತೋರಿಸುವುದೇನೂ ಇರಲಿಲ್ಲ, ಯಂತ್ರ ಎಲ್ಲಿತ್ತು? ಅತ್ತೆ ಎದ್ದು ನಿಂತು ಹೇಳುತ್ತಿದ್ದಳು, ಅಷ್ಟೇ. ನಡೆದು ತೋರಿಸುತ್ತಿದ್ದಳು, ಕುರ್ಚಿ ಎಳೆದು ತೋರಿಸುತ್ತಿದ್ದಳು, ಒಬ್ಬ ನಟಿ ಟೊಪ್ಪಿ ತೆಗೆಯುವುದಕ್ಕೂ ಇನ್ನೊಬ್ಬಳು ತೆಗೆಯುವುದಕ್ಕೂ ಏನು ವ್ಯತ್ಯಾಸ ಎಂದು ಇಲ್ಲದ ಟೊಪ್ಪಿ ತೆಗೆದು ತೋರಿಸುತ್ತಿದ್ದಳು. ಶುಕ್ರವಾರದಿಂದಲೇ ಅವಳಿಗೆ ಕಳೆ ಬರುತ್ತಿತ್ತು.

ಅವಳ ಗುಟ್ಟು ನನಗೆ ಗೊತ್ತಾದದ್ದು ಏಳೆಂಟು ವರ್ಷದ ಹಿಂದೆ. ಅವಳ ಹುಟ್ಟುಹಬ್ಬಕ್ಕೆಂದು ಅವಳ ಇಷ್ಟದ ಒಂದು ಹಳೆಯ ಸಿನಿಮಾದ ಡಿಸ್ಕ್ ತಂದೆ. “ಹಾಕು ಹಾಕು, ಒಲೆ ನೋಡಿ ಬಂದೆ” ಎಂದು ಒಳಗೆ ಹೋದವಳು ಇಪ್ಪತ್ತು ನಿಮಿಷ ಪತ್ತೆಯಿಲ್ಲ. ಹೋಗಲಿ ಎಂದುಕೊಂಡೆ. ಮುಂದಿನ ತಿಂಗಳು ಇನ್ನೊಂದು ತಂದೆ. ಆಗ ಅವಳಿಗೆ ಬಟ್ಟೆ ಒಣಹಾಕುವ ಜ್ಞಾನ ಬಂತು. ಮೂರನೇ ಸಲ ನಾನು ಬಿಡಲಿಲ್ಲ. ಅಡುಗೆಮನೆಗೆ ಹೋದರೆ, ಮಹಾರಾಯ್ತಿ ಸುಮ್ಮನೆ ಗಡಿಯಾರ ನೋಡುತ್ತಾ ನಿಂತಿದ್ದಾಳೆ!

“ಇದೇನತ್ತೆ ಇದು?” ಎಂದೆ.

ಮೊದಲು ರೇಗಿದಳು. ಆಮೇಲೆ ಸ್ಟೂಲ್ ಎಳೆದು ಕೂತು ಹೇಳಿದಳು. ತಡವಾಗಿ ಬರುವವರಿಗಾಗಿ ಆಟ ಶುರುವಾಗಿ ಹದಿನೈದು ನಿಮಿಷದ ತನಕ ಟಿಕೆಟ್ ಕಿಟಕಿ ತೆರೆದಿರಬೇಕು, ಇದು ಮ್ಯಾನೇಜರ್ ಮಾಡಿದ ಕಾನೂನು. ಕಿಟಕಿ ಮುಚ್ಚಿ, ಪುಸ್ತಕಗಳನ್ನು ಬೀರುವಿಗೆ ಸೇರಿಸಿ, ಬೀಗ ಹಾಕಿ ಇವಳು ಒಳಗೆ ಹೋಗುವ ಹೊತ್ತಿಗೆ ಎರಡು ರೀಲು, ಅಂದರೆ ಇಪ್ಪತ್ತು ನಿಮಿಷದ ಸಿನಿಮಾ, ಮುಗಿದಿರುತ್ತಿತ್ತು. ಒಂದು ದಿನವಲ್ಲ, ಮೂವತ್ತೊಂದು ವರ್ಷ. ಅತ್ತೆ ಕಂಡ ಅಮೆರಿಕನ್ ಸಿನಿಮಾಗಳೆಲ್ಲ ಮೂರನೇ ರೀಲಿನಿಂದ ಶುರು.

“ರಜೆಯ ದಿನ ಹೋಗಿ ನೋಡಬಹುದಿತ್ತಲ್ಲ?”

“ಹೋಟೆಲಿನ ಭಟ್ಟರು ರಜೆ ಸಿಕ್ಕರೆ ಹೋಟೆಲಿಗೆ ಹೋಗ್ತಾರೇನೇ?”

“ಹಾಗಾದ್ರೆ ಶನಿವಾರ ಕತೆ ಹೇಳುವಾಗ ಮೊದಲ ಭಾಗ?”

“ಉಳಿದದ್ದು ನೋಡಿದ್ರೆ ಮೊದಲು ಏನಾಗಿರಬೇಕು ಅಂತ ಗೊತ್ತಾಗಲ್ವೇ? ಯೋಚನೆ ಮಾಡಿ ಕಂಡುಹಿಡಿದದ್ದು. ಸುಮ್ಮನೆ ಕಟ್ಟಿದ್ದಲ್ಲ.”

“ಈಗ ಡಿಸ್ಕ್ ಇದೆಯಲ್ಲ, ನೋಡಿಬಿಡು. ಇಪ್ಪತ್ತು ನಿಮಿಷ.”

ಅವಳು ತಲೆ ಅಲ್ಲಾಡಿಸಿದಳು. “ನೋಡಿ, ನಾನು ಅಂದುಕೊಂಡಿದ್ದೆಲ್ಲ ತಪ್ಪು ಅಂತಾದ್ರೆ? ನಾನು ಓದಿದವಳಲ್ಲ, ಬರೆದವಳಲ್ಲ. ನನ್ನ ಹತ್ತಿರ ಇರೋದು ಅದೊಂದೇ.” ಅಷ್ಟು ಹೇಳಿ ನನ್ನ ಕಡೆ ಬೆರಳು ಚಾಚಿದಳು. “ಯಾರ ಹತ್ತಿರಾನಾದ್ರೂ ಬಾಯಿ ಬಿಟ್ಟೆಯೋ, ಹುಷಾರ್.”

ನಾನು ಬಾಯಿ ಬಿಡಲಿಲ್ಲ. ಯಾರಿಗೇನು ನಷ್ಟ ಎಂದು ಸುಮ್ಮನಿದ್ದೆ.

ಅವಳ ಎಲ್ಲ ವಿಶ್ಲೇಷಣೆಗಳಲ್ಲಿ ಹೆಸರಾದದ್ದು ಒಂದೇ. ನಾವೆಲ್ಲ ಅದನ್ನು ಕೈಗವಸಿನ ಸಿನಿಮಾ ಎನ್ನುತ್ತಿದ್ದೆವು. ಅದೂ ನಾಟಕದಿಂದ ಬಂದದ್ದೇ. ಹಿಮ ಬೀಳುವ ಊರು, ಮಾರಾಟಕ್ಕಿಟ್ಟ ಹಳೆಯ ಮನೆ, ಅಲ್ಲಿ ಒಬ್ಬ ಅಕ್ಕ, ವಕೀಲನಾದ ತಮ್ಮ, ಅವನು ಮದುವೆಯಾಗಲಿರುವ ಹುಡುಗಿ. ಅಕ್ಕ ಮನೆಯೊಳಗೂ ಬಿಳಿ ಕೈಗವಸು ಹಾಕಿಕೊಂಡೇ ಇರುತ್ತಾಳೆ. ಕಾಫಿ ಸುರಿಯುವುದೂ ಹಾಗೇ, ಪಿಯಾನೋ ಮುಚ್ಚಳ ಒರೆಸುವುದೂ ಹಾಗೇ. ಕೊನೆಯ ದೃಶ್ಯದಲ್ಲಿ ಒಂದು ಕೈಗವಸು ತೆಗೆದು ತಮ್ಮನ ಹುಡುಗಿಯ ಕೈ ಹಿಡಿಯುತ್ತಾಳೆ. ಆದರೆ ಕ್ಯಾಮೆರಾ ಅವಳ ಮುಖವನ್ನಷ್ಟೇ ತೋರಿಸುತ್ತದೆ. ಆ ಕೈಯಲ್ಲಿ ಏನಿತ್ತು?

ಸುಟ್ಟ ಗಾಯ, ಎಂದಳು ಅತ್ತೆ. ಚಿಕ್ಕಂದಿನಲ್ಲಿ ಮನೆಗೆ ಬೆಂಕಿ ಬಿದ್ದಾಗ ತಮ್ಮನನ್ನು ಎಳೆದು ತಂದ ಕೈ ಅದು. ಸಾಕ್ಷಿ? ಒಂದಲ್ಲ, ಮೂರು. ಒಂದು, ತಮ್ಮ ಸಿಗರೇಟು ಹಚ್ಚಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಎರಡು, ಹೊರಗೆ ಅಷ್ಟು ಹಿಮ ಸುರಿಯುತ್ತಿದ್ದರೂ ಗೋಡೆಯಲ್ಲಿರುವ ಬೆಂಕಿಗೂಡನ್ನು ಯಾರೂ ಹಚ್ಚುವುದಿಲ್ಲ. ಮೂರು, ತಮ್ಮ ಮರೆತೂ ಅವಳ ಕೈ ನೋಡುವುದಿಲ್ಲ, ಋಣ ನೆನಪಾಗುತ್ತದಲ್ಲ, ಅದಕ್ಕೆ. ಅತ್ತೆ ಇದನ್ನು ಹೇಳುವಾಗ ಮುಂದಿನ ಸಾಲಿನ ನರ್ಸಮ್ಮನಿಂದ ಹಿಡಿದು ಕಿಟಕಿಯ ಕಟ್ಟೆಯವರ ತನಕ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ.

ಈ ವರ್ಷ ಶನಿವಾರದ ಕೂಟಕ್ಕೆ ಹತ್ತು ತುಂಬಿತು. ಗ್ರಂಥಪಾಲಕ ಎಲ್ಲಿಂದಲೋ ಗಿಟ್ಟಿಸಿ ಗೋಡೆಯ ಮೇಲೆ ಸಿನಿಮಾ ಬಿಡುವ ಯಂತ್ರವೊಂದನ್ನು ತಂದ. ಆಗ ಎದ್ದು ನಿಂತವರು ಇಂಗ್ಲಿಷ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದವರು, ಬೆನ್ನು ನೆಟ್ಟಗೆ, ಮಾತೂ ನೆಟ್ಟಗೆ. “ಕೇಳಿದ್ದು ಸಾಕಷ್ಟಾಯ್ತು. ಇನ್ನೆರಡು ವಾರ ಬಿಟ್ಟು ಕೈಗವಸಿನ ಸಿನಿಮಾ ಪೂರ್ತಿ ನೋಡೋಣ. ಮೊದಲು ಮೇಡಂ ಮಾತು, ಆಮೇಲೆ ಸಿನಿಮಾ, ಆಮೇಲೆ ಪ್ರಶ್ನೆ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು. ಬೇರೆ ದಾರಿಯೇ ಇರಲಿಲ್ಲವಲ್ಲ.

ಆ ಎರಡು ವಾರ ನಮ್ಮ ಮನೆಯಲ್ಲಿ ಏನು ನಡೆಯಿತೆಂದು ಹೇಳಿ ಪ್ರಯೋಜನವಿಲ್ಲ. ಗ್ರಂಥಪಾಲಕನಿಂದ ಡಿಸ್ಕ್ ಇಸಕೊಂಡು ಬಂದು ಮೇಜಿನ ಮೇಲಿಟ್ಟೆ. “ಮೊದಲೇ ನೋಡಿಬಿಡು ಅತ್ತೆ. ತಪ್ಪಿದ್ದರೆ ತಿದ್ದಿಕೊಂಡು ಮಾತಾಡು” ಎಂದೆ. ಅವಳು ಆ ಡಿಸ್ಕಿನ ಮೇಲೆ ಪೇಪರ್ ಮುಚ್ಚಿಟ್ಟಳು. ಮೈಗೆ ಹುಷಾರಿಲ್ಲ ಎಂದು ಹೇಳಿಬಿಡೋಣವಾ ಎಂದು ಒಂದು ದಿನ, ಯಂತ್ರ ಕೆಟ್ಟುಹೋದರೆ ಎಂದು ಇನ್ನೊಂದು ದಿನ. ನನಗೂ ತಲೆ ಚಿಟ್ಟು ಹಿಡಿಯಿತು. “ತಪ್ಪಾದ್ರೆ ಆಗಲಿ ಬಿಡು, ಯಾರು ಗಲ್ಲಿಗೆ ಹಾಕ್ತಾರೆ!” ಎಂದು ಕೂಗಿದೆ.

ಅವಳು ಬಾಗಿಲ ತನಕ ಹೋದಳು. ತಿರುಗಿ ನಿಂತಳು. ಆದರೆ ಬೈಯಲಿಲ್ಲ. “ಗಲ್ಲಿಗೆ ಹಾಕಲ್ಲ, ಮುಂದಿನ ಶನಿವಾರ ಬರಲ್ಲ, ಅಷ್ಟೇ” ಎಂದಳು. “ಹತ್ತು ವರ್ಷ ಈ ಹೆಂಗಸು ನಮಗೆ ಸುಳ್ಳು ಹೇಳಿದಳು ಅಂತ ಎದ್ದು ಹೋಗ್ತಾರೆ. ಆಮೇಲೆ ನಾನು ಏನು ಮಾಡಲಿ ಹೇಳು, ಗೋಡೆ ಜೊತೆ ಮಾತಾಡಲಾ?” ಸರಿದುಹೋಗಿದ್ದ ಪೇಪರನ್ನು ನಾನೇ ಆ ಡಿಸ್ಕಿನ ಮೇಲೆ ಮತ್ತೆ ಮುಚ್ಚಿದೆ.

ಆ ಶನಿವಾರ ಕೋಣೆ ತುಂಬಿತ್ತು. ಮೆಟ್ಟಿಲ ಮೇಲೂ ಜನ. ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಹೊಸ ಕನ್ನಡಕ ಇಟ್ಟುಕೊಂಡು (ನಾನೇ ಉಜ್ಜಿದ ಗಾಜು) ಎದ್ದು ನಿಂತಳು. ಏನು ಹೇಳಲಿ! ಅಂಥ ಮಾತು ನಾನು ಅವಳ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಕೊನೆಯ ಸಲ ಎಂದುಕೊಂಡೇ ಮಾತಾಡಿದಳೋ ಏನೋ. ಬೆಂಕಿ, ತಮ್ಮ, ಗಾಯ, ಆರಿದ ಗೂಡು. ಹಿಂದಿನ ಸಾಲಿನಲ್ಲಿ ಕೂತಿದ್ದ ಬಸ್ ಡ್ರೈವರ್, ಆರಡಿ ಆಳು, ಕರವಸ್ತ್ರ ತೆಗೆದು ಮೂಗು ಸೀನಿಕೊಂಡ ಸದ್ದು ಮಹಡಿಗೆಲ್ಲ ಕೇಳಿಸಿತು.

ಗ್ರಂಥಪಾಲಕ ಪರದೆ ಎಳೆದ, ದೀಪ ಆರಿಸಿದ. ಅತ್ತೆ ನನ್ನ ಪಕ್ಕ ಬಂದು ಕೂತಳು. ಗೋಡೆಯ ಮೇಲೆ ಹೆಸರುಗಳು ಬರತೊಡಗಿದವು. ತಕ್ಷಣ ಅವಳು ಎದ್ದಳು! ಮೂವತ್ತೊಂದು ವರ್ಷದ ಅಭ್ಯಾಸ, ಕಾಲು ತಾನಾಗಿ ಹೊರಟಿತ್ತು. ನಾನು ತೋಳು ಹಿಡಿದು ಎಳೆದು ಕೂರಿಸಿದೆ.

“ಬಿಡೇ, ನೀರು ಕುಡಿದು ಬರ್ತೀನಿ.”

“ಆಮೇಲೆ ಕುಡಿಯುವೆಯಂತೆ. ಕೂತ್ಕೋ.”

ಸಿನಿಮಾ ಶುರುವಾದದ್ದು ಡಾಕ್ಟರ ಕೋಣೆಯಲ್ಲಿ. ಅಕ್ಕ ಕುರ್ಚಿಯ ಮೇಲೆ ಕೂತಿದ್ದಾಳೆ, ಎದುರಿಗೆ ಮುದುಕ ಡಾಕ್ಟರು ಪೈಪ್ ಹಚ್ಚಿದ. ಹೊಗೆ ಬಂತು. ಅಕ್ಕ ಸೀನಿದಳು. ಒಂದು, ಎರಡು, ಮೂರು. “ಈ ಹೊಗೆಗೂ ನಿನ್ನ ಮೂಗಿಗೂ ಹುಟ್ಟಾ ಜಗಳ” ಎಂದ ಡಾಕ್ಟರು. ಅಂದರೆ ಸಿಗರೇಟು ಕಂಡು ಹಿಂದೆ ಸರಿದದ್ದು ಬೆಂಕಿಗೆ ಹೆದರಿ ಅಲ್ಲ, ಸೀನಿಗೆ ಹೆದರಿ. ನಮ್ಮ ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಆಮೇಲೆ ಡಾಕ್ಟರು ಅವಳ ಎರಡೂ ಕೈ ತಿರುಗಿಸಿ ನೋಡಿ ಹೇಳಿದ. ಸೋಪಿನಿಂದ ಬಂದ ಇಸುಬು. ಊರವರ ಬಟ್ಟೆ ಒಗೆಯುವುದು ಇನ್ನು ಸಾಕು. ಮುಲಾಮು ಹಚ್ಚಿ ಕೈಗವಸು ಹಾಕಿಕೋ. ತಮ್ಮನಿಗೆ ಹೇಳಬೇಡಿ ಎಂದು ಅವಳು ಕೇಳಿಕೊಂಡಳು. ಕೋಣೆಯಲ್ಲಿ ಪಿಸುಪಿಸು ಎದ್ದಿತು. ನನ್ನ ಮಣಿಕಟ್ಟಿಗೆ ಉಗುರು ನಾಟಿತು.

ಸಾಲದ್ದಕ್ಕೆ ಮೂರನೇ ಪೆಟ್ಟು. ಅಕ್ಕ ಮನೆಗೆ ಬರುತ್ತಾಳೆ, ಚಿಮಣಿ ಗುಡಿಸುವವನು ಮಸಿ ಮುಖ ಹೊತ್ತು ನಿಂತಿದ್ದಾನೆ. ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿ ಹೊಗೆಯ ದಾರಿ ಮುಚ್ಚಿಹೋಗಿದೆಯಂತೆ, ಹಿಮ ಕರಗುವ ತನಕ ಮೇಲೆ ಹತ್ತಲಾಗದಂತೆ, ಅಲ್ಲಿಯವರೆಗೆ ಬೆಂಕಿ ಹಚ್ಚಬಾರದಂತೆ! ಈ ಸಲ ಇಡೀ ಕೋಣೆ ನಕ್ಕಿತು. ಸಿನಿಮಾದಲ್ಲೂ ಅದು ನಗುವ ದೃಶ್ಯವೇ, ಆದರೆ ಅಷ್ಟು ನಗು ಬರೆದವನೂ ಊಹಿಸಿರಲಾರ. ಆ ಕತ್ತಲಲ್ಲಿ ನನಗೆ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಆ ಹಕ್ಕಿಗೆ ಗೂಡು ಕಟ್ಟಲು ಬೇರೆ ಜಾಗ ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಶಪಿಸಿದೆ.

ಮೂರನೇ ರೀಲು ಬಂತು. ಅತ್ತೆಗೆ ಗೊತ್ತಿದ್ದ ಜಾಗ. ಅಲ್ಲಿಂದ ಕೊನೆಯ ತನಕ ಅವಳು ಅಲುಗಾಡಲಿಲ್ಲ. ಒಮ್ಮೆ ಮಾತ್ರ, ಅಕ್ಕ ಕೈಗವಸಿನ ಕೈಯಲ್ಲಿ ತಮ್ಮನ ಅಂಗಿಯ ಕಾಲರ್ ಸರಿಮಾಡುವ ದೃಶ್ಯ ಬಂದಾಗ, “ಅಯ್ಯೋ” ಎಂದಳು, ಮೆಲ್ಲಗೆ, ತನಗೆ ತಾನೇ.

ದೀಪ ಹತ್ತಿತು. ಯಾರೂ ಏಳಲಿಲ್ಲ. ಎಲ್ಲರಿಗಿಂತ ಮೊದಲು ಬಾಯಿ ತೆರೆದವರು ಇಂಗ್ಲಿಷ್ ಮೇಷ್ಟ್ರು. “ಮೇಡಂ, ಬೆಂಕಿ ಎಲ್ಲಿ?”

ಅತ್ತೆ ಮುಂದೆ ಹೋಗಿ ನಿಂತಳು. ಅವಳಿಗೆ ಜಾರಿಕೊಳ್ಳಲು ಬರುವುದಿಲ್ಲ ಎಂದುಕೊಳ್ಳಬೇಡಿ. ಬೆಂಕಿ ಎಂದರೆ ಮನಸ್ಸಿನ ಬೆಂಕಿ, ಗಾಯ ಎಂದರೆ ಒಳಗಿನ ಗಾಯ ಎಂದು ಹೇಳಿ ಎಲ್ಲರನ್ನೂ ತಲೆಯಾಡಿಸುವಂತೆ ಮಾಡುವುದು ಅವಳಿಗೆ ಎಡಗೈ ಕೆಲಸ. “ಬೆಂಕಿ ಅಂದ್ರೆ” ಎಂದು ಶುರುವನ್ನೂ ಮಾಡಿದಳು. ಅಲ್ಲಿಗೇ ನಿಲ್ಲಿಸಿ ಕನ್ನಡಕ ತೆಗೆದಳು.

“ಬೆಂಕಿ ಇಲ್ಲ. ನಾನೇ ಹಚ್ಚಿದ್ದು” ಎಂದಳು. “ಈ ಸಿನಿಮಾದ ಮೊದಲ ಇಪ್ಪತ್ತು ನಿಮಿಷ ನಾನು ಇವತ್ತೇ ನೋಡಿದ್ದು. ಇದೊಂದೇ ಅಲ್ಲ, ಯಾವ ಸಿನಿಮಾದ ಮೊದಲ ಇಪ್ಪತ್ತು ನಿಮಿಷಾನೂ ನಾನು ನೋಡಿಲ್ಲ. ಆಟ ಶುರುವಾದಾಗ ನಾನು ಹೊರಗೆ ಕೂತು ಟಿಕೆಟ್ ಕೊಡ್ತಿದ್ದೆ. ನಿಮಗೇ ಕೊಡ್ತಿದ್ದೆ. ಹತ್ತು ವರ್ಷ ನಿಮಗೆ ಹೇಳಿದ ಶುರುಗಳೆಲ್ಲ ನನ್ನ ಊಹೆ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯ್ತು.” ತೆಗೆದ ಕನ್ನಡಕವನ್ನು ಮಡಿಸಿದಳು. “ಇನ್ನು ನಿಮ್ಮ ಇಷ್ಟ.”

ಗ್ರಂಥಪಾಲಕ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ನಾನು ಎಲ್ಲರ ಮುಖ ನೋಡಿದೆ. ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಬಸ್ ಡ್ರೈವರ್ ಎದ್ದು ನಿಂತಿದ್ದರು. ಮುಗಿಯಿತು, ಇವರು ಹೊರಟರು, ಇವರ ಹಿಂದೆ ಎಲ್ಲರೂ ಹೊರಡುತ್ತಾರೆ ಎಂದುಕೊಂಡೆ.

“ಮೇಡಂ, ಒಂದು ಮಾತು” ಎಂದರು ಡ್ರೈವರ್. “ಬೆಳಗಿನ ಆಟ ಮುಗಿಯೋದು ಹನ್ನೆರಡೂವರೆಗೆ. ನನ್ನ ಬಸ್ಸು ಹೊರಡೋದು ಹನ್ನೆರಡೂ ಇಪ್ಪತ್ತಕ್ಕೆ. ಇಪ್ಪತ್ತಾರು ವರ್ಷ ಯಾವ ಸಿನಿಮಾದ ಕೊನೇನೂ ನಾನು ನೋಡಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋ ಹೊತ್ತಿಗೆ ನಾನು ಸ್ಟಿಯರಿಂಗ್ ಹಿಡಿದಿರ್ತಿದ್ದೆ. ಮನೇಲಿ ಕೇಳಿದ್ರೆ ಏನೋ ಒಂದು ಕೊನೆ ಕಟ್ಟಿ ಹೇಳ್ತಿದ್ದೆ. ನಾನು ಇಲ್ಲಿಗೆ ಯಾಕೆ ಬರ್ತೀನಿ ಅಂದುಕೊಂಡ್ರಿ? ಕೊನೆ ಕೇಳೋಕೆ. ಆ ಬೆಂಕಿ ವಿಷಯಾನೂ ನನಗೆ ತಪ್ಪಿದ ಕೊನೇಲೇ ಬರುತ್ತೆ ಅಂದುಕೊಂಡಿದ್ದೆ. ಕೈಗವಸು ತೆಗೆದು ಕೈ ಹಿಡಿಯೋದು ನಾನು ಕಣ್ಣಾರೆ ನೋಡಿದ್ದು ಇವತ್ತು.” ಕರವಸ್ತ್ರವನ್ನು ಜೇಬಿಗೆ ತುರುಕಿಕೊಳ್ಳುತ್ತಾ, “ನೀವು ಹೇಳಿದಷ್ಟು ಚೆನ್ನಾಗಿರಲಿಲ್ಲ, ಬಿಡಿ” ಎಂದರು.

ಯಾರೋ ನಕ್ಕರು. ಆ ನಗು ಬೇರೆ ಥರದ್ದಾಗಿತ್ತು. ಅತ್ತೆ ಅವರನ್ನೇ ನೋಡುತ್ತಾ ನಿಂತುಬಿಟ್ಟಳು.

“ನಾನು ರಾತ್ರಿ ಪಾಳಿ ಮುಗಿಸಿ ಸೀದಾ ಬರ್ತಿದ್ದೆ” ಎಂದರು ಮುಂದಿನ ಸಾಲಿನ ನರ್ಸಮ್ಮ, ಕೂತಲ್ಲಿಂದಲೇ. “ಶುರು ಗೊತ್ತು, ಕೊನೆ ಗೊತ್ತು, ಮಧ್ಯ ಪೂರ್ತಿ ನಿದ್ದೆ. ಒಂದು ಸಲ ಗೊರಕೆ ಹೊಡೆದೆ ಅಂತ ಪಕ್ಕದವನು ಎಬ್ಬಿಸಿದ್ದ.” ಕಿಟಕಿಯ ಕಟ್ಟೆಯ ಮೇಲಿದ್ದ ಹೆಂಗಸು ಆಗ ತನ್ನ ಮಗು ಅಳುತ್ತಿದ್ದುದನ್ನು ಹೇಳಿದಳು. ಅವಳು ಕಂಡ ಸಿನಿಮಾಗಳೆಲ್ಲ ಬಾಗಿಲ ಸಂದಿಯಿಂದ ಕಂಡವಂತೆ. ಆಮೇಲೆ ಯಾರು ಏನು ಹೇಳಿದರೆಂದು ನನಗೆ ಲೆಕ್ಕ ಸಿಗಲಿಲ್ಲ, ಎಲ್ಲರಿಗೂ ಒಟ್ಟಿಗೆ ಬಾಯಿ ಬಂದಿತ್ತು. ಕೆಲಸವಿದ್ದವರು, ಮನೆಯಿದ್ದವರು, ಪೂರ್ತಿ ಸಿನಿಮಾ ನೋಡುವ ಭಾಗ್ಯ ಯಾರಿಗಿತ್ತು?

“ನೀವು ತಡವಾಗಿ ಒಳಗೆ ಬರ್ತಿದ್ದದ್ದು ನನಗೆ ಗೊತ್ತಿತ್ತು ಮೇಡಂ” ಎಂದರು ನರ್ಸಮ್ಮ. “ಹೇಗೋ ನೋಡಿರ್ತೀರಿ, ಆ ಬೆಂಕಿ ನನಗೇ ನಿದ್ದೆಯಲ್ಲಿ ತಪ್ಪಿಹೋಗಿರಬೇಕು ಅಂದುಕೊಂಡಿದ್ದೆ.”

ಈಗ ಎಲ್ಲರ ಕಣ್ಣು ಮೇಷ್ಟ್ರ ಕಡೆ ಹೋಯಿತು. ಅವರೊಬ್ಬರೇ ಏನೂ ಹೇಳಿರಲಿಲ್ಲ. “ನಾನು ಎಲ್ಲ ಸಿನಿಮಾನೂ ಪೂರ್ತಿ ನೋಡಿದ್ದೇನೆ” ಎಂದರು. “ಮೊದಲಿಂದ ಕೊನೆ ತನಕ. ಆದ್ರೆ ಆ ಅಮೆರಿಕದವರ ಉಚ್ಚಾರಣೆ... ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡ್ತಾರಲ್ಲ. ನನಗೆ ಒಂದಕ್ಷರ ತಿಳಿಯಲ್ಲ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ಯಾರ ಹತ್ತಿರ ಹೇಳಲಿ? ನಿಮ್ಮ ಹತ್ತಿರ ಅರ್ಥ ಕೇಳಿಕೊಂಡು ಹೋಗ್ತಿದ್ದೆ.”

ನಕ್ಕು ನಕ್ಕು ಡ್ರೈವರ್ ಕೆಮ್ಮಿದರು. ಮೇಷ್ಟ್ರೂ ನಕ್ಕರು, ಅವರ ಹಲ್ಲು ನಾನು ಕಂಡದ್ದು ಅವತ್ತೇ ಮೊದಲು. ನನಗಂತೂ ಹೋದ ಜೀವ ಬಂದಂತಾಯಿತು. ಅತ್ತೆ ಕುರ್ಚಿ ಎಳೆದು ಕೂತಳು, ಯಾವ ನಟಿಯ ಹಾಗೂ ಅಲ್ಲ, ಕಾಲು ಸೋತವರು ಕೂರುವ ಹಾಗೆ.

ಆಮೇಲೆ ನಿಜವಾದ ಚರ್ಚೆ ಶುರುವಾಯಿತು. ಹತ್ತು ವರ್ಷದಲ್ಲಿ ಅತ್ತೆ ಬೇರೆಯವರ ಮಾತು ಅಷ್ಟು ಹೊತ್ತು ಕೇಳಿಸಿಕೊಂಡದ್ದಿಲ್ಲ. ನರ್ಸಮ್ಮ ತನ್ನ ಎರಡೂ ಕೈ ಎತ್ತಿ ತೋರಿಸಿದರು. ಆಸ್ಪತ್ರೆಯ ಸೋಪಿಗೆ ಬೆರಳ ಸಂದಿಯೆಲ್ಲ ಬಿರುಕು. “ಇದು ಸುಟ್ಟ ಗಾಯ ಆಗಿದ್ರೆ ಎಲ್ಲರೂ ಕೇಳೋರು. ಸೋಪಿಂದ ಆದದ್ದನ್ನ ಯಾರೂ ಕೇಳಲ್ಲ” ಎಂದರು. ಅತ್ತೆ ತಟ್ಟನೆ ಎದ್ದಳು. ಕಣ್ಣು ಮೊದಲಿನ ಹಾಗಾಗಿತ್ತು. “ಅದೇ! ತಮ್ಮ ಅವಳ ಕೈ ನೋಡಲ್ಲ ಅಂದಿದ್ದೆನಲ್ಲ, ಅದೊಂದು ತಪ್ಪಾಗಿಲ್ಲ. ಅವನು ಋಣ ನೆನಪಾಗಿ ನೋಡದೆ ಇರೋದಲ್ಲ. ಅವನು ನೋಡೇ ಇಲ್ಲ! ಅವನ ಓದು ಯಾರ ಬಟ್ಟೆ ಒಗೆದು ಬಂತು ಅಂತ ಅವನಿಗೆ ಗೊತ್ತೇ ಇಲ್ಲ. ಕಾಲರ್ ಸರಿಮಾಡ್ತಾಳಲ್ಲ, ಆ ಅಂಗಿ ಒಗೆದದ್ದೂ ಅದೇ ಕೈ. ನಾನು ಎಂಥ ದಡ್ಡಿ, ಒಂದು ದಿನದ ಬೆಂಕಿ ಸಾಕು ಅಂದುಕೊಂಡುಬಿಟ್ಟೆ.” ಹಳೆಯ ವಿಶ್ಲೇಷಣೆಗೆ ಬಂದಷ್ಟು ಕಣ್ಣೀರು ಇದಕ್ಕೆ ಬರಲಿಲ್ಲ. ಆದರೆ ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.

ಐದೂವರೆಗೆ ಗ್ರಂಥಪಾಲಕ ಬೀಗದ ಕೈ ಅಲ್ಲಾಡಿಸುತ್ತಾ ಎಲ್ಲರನ್ನೂ ಎಬ್ಬಿಸಿದ. ಮುಂದಿನ ಶನಿವಾರ ಯಾವ ಸಿನಿಮಾ ಎಂದು ಮೆಟ್ಟಿಲಿಳಿಯುವಾಗಲೇ ಜಗಳ ಹತ್ತಿತ್ತು. ಶುರು ನೋಡಿದವರು, ಕೊನೆ ನೋಡಿದವರು ಎಂದು ಆಗಲೇ ಎರಡು ಪಕ್ಷ.

ನಾವಿಬ್ಬರೂ ಮನೆ ಕಡೆ ನಡೆದೆವು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಅಂಗಡಿಯವನೊಬ್ಬ ಹೊರಗಿಟ್ಟ ಡಬ್ಬಗಳನ್ನು ಒಳಗೆ ಸಾಗಿಸುತ್ತಿದ್ದ. ಅತ್ತೆ ಸುಮ್ಮನಿದ್ದರೆ ನನಗೆ ಭಯ. “ಬೇಜಾರಾ ಅತ್ತೆ?” ಎಂದೆ. “ಎಷ್ಟು ಚೆನ್ನಾಗಿತ್ತು ನಿನ್ನ ಬೆಂಕಿ. ಹೋಯ್ತಲ್ಲ ಅಂತಾನಾ?”

ಅವಳು ನಿಂತಳು. ನನ್ನನ್ನು ನೋಡಿದಳು, ಮೂಗಿನ ತುದಿ ಕೆಂಪಾಗಿತ್ತು, ಆದರೆ ಮುಖದ ತುಂಬ ನಗು.

“ಥೂ, ಬೇಜಾರ್ಯಾಕೆ? ಪಾಪದ ಹೆಂಗಸು ಕಣೇ ಅವಳು. ಎಷ್ಟು ಸಲ ಆ ಹಿಂದಿನ ಸಾಲಿನಲ್ಲಿ ಕೂತು ಅವಳಿಗಾಗಿ ಅತ್ತಿದ್ದೀನೋ. ಆ ಉರಿ ಹೇಗೆ ತಡೆದುಕೊಂಡಳೋ, ಬೊಬ್ಬೆ ಎಷ್ಟು ದಿನ ಇತ್ತೋ ಅಂತ ಯೋಚನೆ ಮಾಡಿ ಊಟ ಬಿಟ್ಟಿದ್ದೀನಿ. ಅವಳ ಕೈ ಸುಟ್ಟೇ ಇರಲಿಲ್ಲ. ಮುಲಾಮು ಹಚ್ಚಿದ್ರೆ ವಾಸಿಯಾಗೋದು.”

ಸೆರಗಿಲ್ಲ, ಕರವಸ್ತ್ರವಿಲ್ಲ, ಅಂಗೈಯಲ್ಲೇ ಕಣ್ಣೊರೆಸಿಕೊಂಡಳು.

“ಸದ್ಯ” ಎಂದಳು.